ಕೌದಿ ಮೀಮಾಂಸೆ ಅರ್ಥಾತ್ ಹೊದಿಕೆಯ ಶಾಸ್ತ್ರೋಕ್ತ ಆಯ್ಕೆ

1. ಸಮಸ್ಯೆಯ ಉಗಮ

ಕಳೆದ ಕಾರ್ತೀಕದಲ್ಲಿ ಪ್ರಸ್ತುತ ಸಂಶೋಧಕನು ಗದಗ ಜಿಲ್ಲೆಯ ಮುಂಡರಗಿಯಲ್ಲಿರುವ ತನ್ನ ದೊಡ್ಡವ್ವನಿಗೆ ಬೆಂಗಳೂರಿನಿಂದ ಒಂದು ಸಾವಯವ ಕಂಫರ್ಟರನ್ನು ಕೊರಿಯರಿನಲ್ಲಿ ಕಳಿಸಿದನು. ಅದು ಪ್ಲಾಸ್ಟಿಕ್ ಚೀಲದೊಳಗಿನ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ಹಸಿರು ಎಲೆಯ ಚಿತ್ರ ಹೊತ್ತು, ಪರಿಸರಸ್ನೇಹಿಯಾಗಿ ಬಂದಿಳಿಯಿತು. ದೊಡ್ಡವ್ವ ಅದನ್ನು ಬಿಚ್ಚಿ, ಝಾಡಿಸಿ, ಮೂಸಿ, ಹೊಲಿಗೆಯ ಮೇಲೊಮ್ಮೆ ಬೆರಳಾಡಿಸಿ, ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳಿದಳು:

"ತಮ್ಮಾ, ಇದು ಯಾರ ಸೀರೀಲೆ ಮಾಡಿದ್ದೋ?"

ಜೊತೆಗೆ ಬಂದಿದ್ದ ನಾಲ್ಕು ಪುಟದ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸಂಶೋಧಕನಲ್ಲೂ ಇರಲಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ಪ್ರಬಂಧ ಬರೆಯುವುದು ನಮ್ಮ ವಿಶ್ವವಿದ್ಯಾಲಯಗಳ ಸತ್ಪರಂಪರೆಯಾದ್ದರಿಂದ ಈ ಪ್ರಬಂಧ.

2. ಪದವಿಚಾರ

ಕೌದಿ ಎಂದರೆ ಹಳೆಯ ಸೀರೆ, ದೋತರ, ಅಂಗಿ, ಲಂಗಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತ್ಯಾಪಿ ಹಚ್ಚಿ, ಸಾಲುಸಾಲಾಗಿ ಎಳೆಹೊಲಿಗೆ ಹಾಕಿದ ಹೊದಿಕೆ. ಇದನ್ನು ಉತ್ತರ ಕರ್ನಾಟಕದವರಿಗೆ ವಿವರಿಸುವುದು ಮೀನಿಗೆ ನೀರನ್ನು ವಿವರಿಸಿದಂತೆ. ಆದರೂ ವ್ಯಾಖ್ಯೆಯಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯನ್ನು ನಾವು ಗಂಡಹೆಂಡಿರ ಮೇಲೆ, ರಾಜಕೀಯ ಮೈತ್ರಿಗಳ ಮೇಲೆ ಧಾರಾಳವಾಗಿ ಎಸೆಯುತ್ತೇವೆ. ಕಂತೆಯೂ ಚಿಂದಿ ಹೊಲಿದ ಹೊದಿಕೆಯೇ, ಬೊಂತೆಯೂ ಅದೇ ಎಂಬುದನ್ನು ಮರೆತಿದ್ದೇವೆ. ಒಂದು ಗಾದೆಯಲ್ಲಿ ಎರಡು ಕೌದಿ ಮಡಿಚಿಟ್ಟ ಭಾಷೆ ನಮ್ಮದು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳುಗನ್ನಡದ ಸೀಮೆಯನ್ನು ಗುರುತಿಸುವಾಗ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಹೆಸರಿಸುತ್ತದೆ. ತಿರುಳು ಒಳಗಿದ್ದರೆ ಮೇಲೊಂದು ಹೊದಿಕೆ ಇರಲೇಬೇಕೆಂಬುದು ತರ್ಕಸಿದ್ಧ. ಆ ಹೊದಿಕೆ ಯಾವುದೆಂದು ಈವರೆಗೆ ಯಾರೂ ವಿಚಾರಿಸದಿರುವುದು ಸಾರಸ್ವತ ಲೋಕದ ನಷ್ಟ.

ಇನ್ನು 'ಸಾವಯವ'. ಅವಯವಗಳಿಂದ ಕೂಡಿದ್ದು ಸಾವಯವ. ಬೆಂಗಳೂರಿನಿಂದ ಹೋದ ಕಂಫರ್ಟರನ್ನು ಹಿಂದುಮುಂದು ಪರೀಕ್ಷಿಸಿದರೂ ಅದರಲ್ಲಿ ಒಂದು ಅವಯವವೂ ಸಿಗಲಿಲ್ಲ. ಅದು ಪರಬ್ರಹ್ಮದಂತೆ ನಿರವಯವವಾಗಿತ್ತು. ದೊಡ್ಡವ್ವನ ಕೌದಿಯಲ್ಲಾದರೋ ಒಂದು ಅಂಗಿಯ ತೋಳು, ಒಂದು ಪೈಜಾಮದ ಕಾಲು, ಒಂದು ಕುಪ್ಪಸದ ಬೆನ್ನು ಹಾಗೂ ಗುಂಡಿಸಮೇತವಾದ ಒಂದು ಎದೆಕಿಸೆ ಪತ್ತೆಯಾದವು. ಶಬ್ದಾರ್ಥದ ನೆಲೆಯಲ್ಲಿ ಯಾವುದು ಸಾವಯವ ಎಂಬುದನ್ನು ವೈಯಾಕರಣಿಗಳೇ ತೀರ್ಮಾನಿಸಲಿ.

3. ಪೂರ್ವಪಕ್ಷ

ಎದುರಾಳಿಗಳ ವಾದಗಳನ್ನು ಮೊದಲು ಮಂಡಿಸುವುದು ಶಾಸ್ತ್ರಧರ್ಮ.

ಮೊದಲನೆಯದು ಹಂಸತೂಲಿಕಾ ವಾದ. ಬಾತುಗಳ ಎದೆಯ ತುಪ್ಪುಳ ತುಂಬಿದ ಹೊದಿಕೆಯೇ ಶ್ರೇಷ್ಠ, ಹಗುರ, ನೈಸರ್ಗಿಕ ಎನ್ನುತ್ತಾರೆ ಇವರು. ಇದರ ಪರಿಶೀಲನೆಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗಿಂತ ಪ್ರಶಸ್ತ ಸ್ಥಳವಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುನೆಲಗಳ ಪಟ್ಟಿಗೂ ಸೇರಿತು. ಸಂಶೋಧಕನು ದಂಡೆಯ ಮೇಲೆ ಅರ್ಧ ದಿನ ಕುಳಿತು ಗಮನಿಸಿದಂತೆ, ಎಲ್ಲ ಹೆಬ್ಬಾತುಗಳೂ ತಂತಮ್ಮ ತುಪ್ಪುಳವನ್ನು ಮೈಮೇಲೆಯೇ ಹೊತ್ತು ತಂದಿದ್ದವು. ಅಷ್ಟು ತುಪ್ಪುಳವಿದ್ದೂ ಊರಿನ ಚಳಿ ತಾಳದೆ ಇವು ಶಿರಹಟ್ಟಿಯವರೆಗೆ ಓಡಿಬರುತ್ತವೆಂದರೆ, ತುಪ್ಪುಳದ ಸಾಮರ್ಥ್ಯ ಸಂಶಯಾಸ್ಪದ. ಅದು ನಿಜವಾಗಿ ಬೆಚ್ಚಗಿದ್ದಿದ್ದರೆ ಅವು ಮಂಗೋಲಿಯಾದಲ್ಲೇ ಹೊದ್ದು ಮಲಗುತ್ತಿರಲಿಲ್ಲವೆ?

ಎರಡನೆಯದು ಶೀಷಾ ವಾದ. ಕುಡಿದು ಬಿಸಾಡಿದ ನೀರಿನ ಬಾಟಲಿಗಳನ್ನು ಕರಗಿಸಿ, ಪಾಲಿಯೆಸ್ಟರ್ ಎಳೆ ತೆಗೆದು, ಅದನ್ನು ತುಂಬಿ ಹೊಲಿಯುವುದು. ಬಾಟಲಿಯನ್ನು ಹೊದ್ದು ಮಲಗುವವರು ನಮ್ಮಲ್ಲಿ ಮೊದಲೂ ಇದ್ದರು. ಅವರನ್ನು ಯಾರೂ ಪರಿಸರಸ್ನೇಹಿ ಎಂದು ಕರೆದಿರಲಿಲ್ಲ.

ಮೂರನೆಯದು ಪ್ರಮಾಣಪತ್ರ ವಾದ, ಮೂರರಲ್ಲಿ ಪ್ರಬಲವಾದದ್ದು. ಜಾಗತಿಕ ಸಾವಯವ ಜವಳಿ ಮಾನದಂಡದ ಪ್ರಕಾರ ಬಟ್ಟೆಯೊಂದನ್ನು 'ಸಾವಯವ' ಎಂದು ಕರೆಯಲು ಅದರ ಎಳೆಯಲ್ಲಿ ಶೇ. 95ರಷ್ಟಾದರೂ ಸಾವಯವ ಕೃಷಿಯದಾಗಿರಬೇಕು, ಶೇ. 70 ಇದ್ದರೆ 'ಸಾವಯವ ಎಳೆಯಿಂದ ಮಾಡಿದ್ದು' ಎನ್ನಬಹುದು. ಕುಲಾಂತರಿ ಬೀಜದ ಹತ್ತಿಗೆ ಅಲ್ಲಿ ಪ್ರವೇಶವಿಲ್ಲ. ಎರೆಭೂಮಿಯಲ್ಲಿ ಜಯಧರ ಎಂಬ ನಾಟಿ ಹತ್ತಿ ಬೆಳೆದು, ಗದಗಿನ ಅರಳೆ ಪೇಟೆಯನ್ನು ತುಂಬಿಸಿದ ಸೀಮೆ ಇದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ನಾಟಿ ಹತ್ತಿ ಹೊಲದ ಬದುವಿಗೆ ಸರಿಯಿತು. ಈಗ ಅದೇ ನಾಟಿ ಹತ್ತಿಯ ಗುಣಗಾನ ಮಾಡುವ ಚೀಟಿ ಅಂಟಿಸಿಕೊಂಡು ಕಂಫರ್ಟರು ಬೆಂಗಳೂರಿನಿಂದ ಗದಗಿಗೆ ಬರುತ್ತದೆ. ಮಗಳನ್ನು ಮನೆಯಿಂದ ಅಟ್ಟಿ, ಅವಳ ಫೋಟೋಕ್ಕೆ ಕಟ್ಟು ಹಾಕಿಸಿದ ಹಾಗೆ.

4. ಶಾಸನಶಾಸ್ತ್ರ

ಲಕ್ಷ್ಮೇಶ್ವರವು ಶಾಸನಗಳ ಊರು. ಸೋಮೇಶ್ವರ ಗುಡಿ, ಶಂಖಬಸದಿ ಎಲ್ಲಿ ನೋಡಿದರೂ ಕಲ್ಲು ಮಾತಾಡುತ್ತದೆ. ಅಲ್ಲಿಯ ಸಂಬಂಧಿಕರ ಅಟ್ಟದಲ್ಲಿ ದೊರೆತ ಅಪ್ರಕಟಿತ ಕೌದಿಯೊಂದರ ಪಾಠವನ್ನು ಇಲ್ಲಿ ಮೊದಲ ಬಾರಿಗೆ ಪ್ರಕಟಿಸಲಾಗುತ್ತಿದೆ.

ಮಾಧ್ಯಮ: ಅರಿವಿ. ಲಿಪಿ: ಸೂಜಿ. ಸ್ಥಿತಿ: ಎಡಮೂಲೆ ಇಲಿಯಿಂದ ತ್ರುಟಿತ. ಮೇಲಿನ ಪದರ: ತೋಪುತೆನೆ ಸೆರಗಿನ ಇಳಕಲ್ ಸೀರೆ, ಬಣ್ಣ ಹೋಗಿದೆ, ದಡಿ ಹೋಗಿಲ್ಲ. ಎರಡನೆಯ ಪದರ: ದೋತರ. ಮೂರನೆಯದು: ಸಾಲಿ ಹುಡುಗರ ಖಾಕಿ ಚಡ್ಡಿಗಳು, ಕುಂಡೆಯ ಭಾಗ ಸವೆದು ಅಕ್ಷರ ಅಸ್ಪಷ್ಟ. ನಾಲ್ಕೂ ಮೂಲೆಗೆ ಗುಳೇದಗುಡ್ಡದ ಖಣದ ತುಂಡುಗಳು. ತಳಪದರ: ಹಿಟ್ಟಿನ ಚೀಲ. ಇಡೀ ಶಾಸನದಲ್ಲಿ ಲಿಖಿತ ಪಠ್ಯವೆಂದರೆ ಈ ಚೀಲದ ಮೇಲಿನ '50 ಕಿ.ಗ್ರಾಂ' ಎಂಬುದೊಂದೇ. ಇದು ಕೌದಿಯ ತೂಕವಿರಬಹುದೆಂದು ಮೊದಲು ಊಹಿಸಿ, ಬಳಿಕ ಆ ಊಹೆಯನ್ನು ಕೈಬಿಡಲಾಯಿತು. ಕೌದಿ ಒದ್ದೆಯಾದಾಗ ಎತ್ತಿ ನೋಡಿದ ಮೇಲೆ ಮೊದಲಿನ ಊಹೆಯೇ ಸರಿಯೆಂದು ತೋರುತ್ತದೆ.

ಕಾಲನಿರ್ಣಯ ಕಷ್ಟಕರ. ಕೌದಿ ಹಳತಾದರೆ ಬಿಸಾಡುವುದಿಲ್ಲ. ಅದನ್ನೇ ಒಳಗಿಟ್ಟು ಮೇಲೆ ಹೊಸ ಕೌದಿ ಹೊಲಿಯುತ್ತಾರೆ. ಗುಡಿಗಳ ಜೀರ್ಣೋದ್ಧಾರದಂತೆ ಗರ್ಭಗುಡಿ ಯಾವ ಕಾಲದ್ದೋ, ಮುಖಮಂಟಪ ಯಾವ ಕಾಲದ್ದೋ. ದೋತರ ಹಿರಿಯ ಮಾವನದೆಂದು ದೊಡ್ಡ ಸೊಸೆಯೂ, ತನ್ನ ತವರಿನದೆಂದು ಸಣ್ಣ ಸೊಸೆಯೂ ಪ್ರತಿಪಾದಿಸುತ್ತಾರೆ. ಈ ನೆಗೆಣ್ಣಿಯರ ಭಿನ್ನಾಭಿಪ್ರಾಯದಲ್ಲಿ ತಲೆಹಾಕಿದ ಹಿಂದಿನ ವಿದ್ವಾಂಸರು ಎರಡೂ ಕಡೆ ಊಟ ಕಳಕೊಂಡಿದ್ದಾರೆ.

ಈ ಸೀಮೆಯನ್ನು ಶಾಸನಗಳು 'ಪುಲಿಗೆರೆ ಮುನ್ನೂರು' ಎನ್ನುತ್ತವೆ. ಸಂಖ್ಯೆ ಹಳ್ಳಿಗಳದೆಂದು ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಸದರಿ ಕೌದಿಯ ತ್ಯಾಪಿಗಳನ್ನು ಎಣಿಸುತ್ತ ಹೋದ ಸಂಶೋಧಕನಿಗೆ 212ರ ಹತ್ತಿರ ನಿದ್ದೆ ಹತ್ತಿತಾದ್ದರಿಂದ ಈ ವಿಷಯವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಇಷ್ಟಂತೂ ಸಿದ್ಧವಾಯಿತು: ಅದು ನಿದ್ದೆ ಬರಿಸುತ್ತದೆ.

ತೌಲನಿಕ ದೃಷ್ಟಿಯಿಂದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನೂ ನೆನೆಯಬೇಕು. ಅವರು ಮೂಲೆಗಳಿಗೆ ಹೂವೆಂದು ಕರೆಯುವ ತ್ಯಾಪಿ ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮತ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಸಿಸಿ, ಅಲ್ಲಿಯ ಗೋಡೆಗಳ ಮೇಲೆ ಪ್ರದರ್ಶಿಸಿದರು. ಗೋಡೆಗೆ ಚಳಿಯಾಗುತ್ತದೆಯೆಂಬುದು ದೊಡ್ಡವ್ವನಿಗೆ ಹೊಸ ವಿಚಾರ.

5. ಅರ್ಥಶಾಸ್ತ್ರ ಮತ್ತು ಮಾಪನ

ಗದಗ-ಬೆಟಗೇರಿ ಎಂಬ ಅವಳಿ ನಗರವೇ ಒಂದು ಕೌದಿ: ಒಂದು ತುಂಡು ಪೇಟೆ, ಒಂದು ತುಂಡು ಮಗ್ಗ, ನಡುವೆ ಹೊಲಿಗೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅದಕ್ಕೂ ಮೊದಲೇ ಪ್ರತಿ ಮನೆಯ ಪಡಸಾಲೆಯಲ್ಲಿ ಸಹಕಾರ ತತ್ತ್ವ ನಡೆದಿತ್ತು. ಷೇರು: ತಲೆಗೊಂದು ಹಳೆ ಅರಿವಿ. ದುಡಿಮೆ: ಬ್ಯಾಸಗಿಯ ಮಧ್ಯಾಹ್ನ ಸುತ್ತ ಕುಳಿತ ನೆರೆಹೊರೆಯ ನಾಲ್ಕು ಸೂಜಿ. ಲಾಭಾಂಶ: ಪ್ರತಿ ಚಳಿಗಾಲ. ಈ ಸಂಸ್ಥೆಗೆ ಎದುರಾದ ಏಕೈಕ ಬಂಡವಾಳಶಾಹಿ ಶಕ್ತಿ ಎಂದರೆ ಹಳೆ ಅರಿವಿಗೆ ಭಾಂಡೆ ಕೊಡುವ ಬುಟ್ಟಿಯವಳು. ಎಷ್ಟೋ ಕೌದಿಗಳು ಹುಟ್ಟುವ ಮೊದಲೇ ಸ್ಟೀಲಿನ ಡಬರಿಗಳಾಗಿ ಕಪಾಟು ಸೇರಿವೆ.

ಬಿಸುಪನ್ನು ಅಳೆಯಲು ಇಂಗ್ಲೆಂಡಿನವರು 'ಟಾಗ್' ಎಂಬ ಮಾನ ಮಾಡಿಕೊಂಡಿದ್ದಾರೆ. ಅವರ ಬೇಸಿಗೆಯ ಹೊದಿಕೆ 4.5 ಟಾಗ್, ಚಳಿಗಾಲದ್ದು 13.5 ಟಾಗ್. ಬೇಸಿಗೆಗೂ ಹೊದಿಕೆ ಬೇಕಾಗುವ ದೇಶದ ಮಾನವನ್ನು, ಮೇ ತಿಂಗಳಲ್ಲಿ 40 ಡಿಗ್ರಿಯ ನೆರೆಗೆ ಹೋಗುವ ಗದಗಿಗೆ ಹಚ್ಚುವುದು ಅಶಾಸ್ತ್ರೀಯ. ಇಲ್ಲಿಯ ಮಾನ 'ಸೀರೆ'. ಎರಡು ಸೀರೀ ಕೌದಿ ಕೂಸಿಗೆ, ಮೂರು ಸೀರೀದು ಬಾಣಂತಿಗೆ, ಐದು ಸೀರೀದು ಅಳಿಯ ಬಂದಾಗ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎನ್ನುತ್ತ ಹೋದ ಮೇಲೂ ಕೌದಿಗೆ ನಿವೃತ್ತಿಯಿಲ್ಲ; ಮೇಲಿನದು ಕೆಳಗೆ ಬಂದು ಹಾಸಿಗೆಯಾಗುತ್ತದೆ, ಮಾಳಿಗಿ ಏರುತ್ತದೆ, ತೊಟ್ಟಿಲಿಗಿಳಿಯುತ್ತದೆ, ಟ್ರ್ಯಾಕ್ಟರಿನಲ್ಲಿ ಜಾತ್ರೆಗೆ ಹೋಗುತ್ತದೆ.

6. ಜಲಪರೀಕ್ಷೆ

ಕಂಫರ್ಟರಿನ ಅಂಚಿನ ಚೀಟಿ 'ಡ್ರೈ ಕ್ಲೀನ್ ಮಾತ್ರ' ಎಂದು ಆಜ್ಞಾಪಿಸುತ್ತದೆ. ಡ್ರೈ ಕ್ಲೀನಿಂಗಿನಲ್ಲಿ ಬಹುಕಾಲದಿಂದ ಬಳಸುತ್ತ ಬಂದ ದ್ರಾವಕದ ಹೆಸರು ಪರ್‌ಕ್ಲೋರೋಎಥಿಲೀನ್. ರಾಸಾಯನಿಕ ಗೊಬ್ಬರ ಮುಟ್ಟಿಸದೆ ಬೆಳೆದ ಹತ್ತಿಯನ್ನು ಕೊನೆಗೆ ಇದರಲ್ಲಿ ಅದ್ದುವುದು, ಜೀವನವಿಡೀ ಮಡಿಯಲ್ಲಿದ್ದವನನ್ನು ಮುಪ್ಪಿನಲ್ಲಿ ಸಾರಾಯಿ ಅಂಗಡಿಗೆ ಕೂರಿಸಿದಂತೆ.

ಕೌದಿಗೆ ತುಂಗಭದ್ರೆಯ ದಂಡೆ, ಒಂದು ಬಂಡೆ, ಇಬ್ಬರು ಮನುಷ್ಯರು ಸಾಕು. ಇಬ್ಬರೂ ಒಂದೇ ದಿಕ್ಕಿಗೆ ತಿರುವಿದರೆ ಹನಿ ನೀರೂ ಹೋಗದು, ವಿರುದ್ಧವಾಗಿ ತಿರುವಬೇಕು. ಸಂಸಾರದಲ್ಲಿ ಗಂಡಹೆಂಡಿರ ವಿರೋಧದಿಂದ ನೇರ ಪ್ರಯೋಜನವಾಗುವ ಸಂದರ್ಭ ಇದೊಂದೇ. ಒಣಗಿಸುವ ಕೆಲಸ ಕಪ್ಪತಗುಡ್ಡದ ಗಾಳಿಯದು. ಅದೇ ಗಾಳಿಯಿಂದ ವಿದ್ಯುತ್ ತೆಗೆಯುವವರು ರೆಕ್ಕೆ ನಿಲ್ಲಿಸಿದ್ದು ತೀರ ಈಚೆಗೆ.

ಇಲ್ಲೊಂದು ಸಾಹಿತ್ಯಚರಿತ್ರೆಯ ಗಂಟು ಬಿಚ್ಚಿಕೊಳ್ಳುತ್ತದೆ. ಕುಮಾರವ್ಯಾಸ ಗದಗಿನ ವೀರನಾರಾಯಣನ ಗುಡಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಕುಳಿತು, ಅದು ಆರುವ ತನಕ ಕಾವ್ಯ ಕಟ್ಟುತ್ತಿದ್ದನೆಂದು ಐತಿಹ್ಯ. ಭಾರತದ ಹದಿನೆಂಟು ಪರ್ವಗಳಲ್ಲಿ ಅವನು ಬರೆದದ್ದು ಹತ್ತು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಬೇಕಾಯಿತು. ಕಾರಣ ಈಗ ಸ್ಪಷ್ಟ: ಕವಿ ಉಟ್ಟದ್ದು ತೆಳು ಪಂಚೆ. ಅವನೇನಾದರೂ ಐದು ಸೀರೆಯ ಕೌದಿಯನ್ನು ಅದ್ದಿ ಹೊದ್ದು ಕುಳಿತಿದ್ದರೆ, ಅದು ಆರಲು ಮೂರು ದಿನ ಹಿಡಿದು, ಹದಿನೆಂಟು ಪರ್ವಗಳೂ ಮುಗಿದು, ತಿಮ್ಮಣ್ಣ ಕವಿ ಬೇರೆ ಉದ್ಯೋಗ ಹುಡುಕಬೇಕಾಗುತ್ತಿತ್ತು.

7. ಅಗ್ನಿಪರೀಕ್ಷೆ

ಇಷ್ಟಾದ ಮೇಲೆ ಕೌದಿಯೇ ಪರಮ ಸಾವಯವ ಎಂದು ಸಾರಿ ಪ್ರಬಂಧ ಮುಗಿಸಬಹುದಿತ್ತು. ಆದರೆ ಪ್ರಯೋಗವಿಲ್ಲದ ಸಿದ್ಧಾಂತ ಪೊಳ್ಳು. ಬಟ್ಟೆಯ ಜಾತಿ ತಿಳಿಯಲು ಎಳೆ ಸುಟ್ಟು ನೋಡುವ ಪದ್ಧತಿಯಿದೆ: ಹತ್ತಿಯಾದರೆ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ, ಪಾಲಿಯೆಸ್ಟರ್, ನೈಲಾನ್ ಆದರೆ ಕರಗಿ, ಮುದುಡಿ, ಗಟ್ಟಿ ಮಣಿಯಾಗುತ್ತದೆ. ಸಂಕ್ರಾಂತಿಗೆ ಮುಂಡರಗಿಗೆ ಹೋದಾಗ, ದೊಡ್ಡವ್ವ ಮಾದಲಿ ಮಾಡುವುದರಲ್ಲಿ ತೊಡಗಿದ್ದಾಗ, ಸಂಶೋಧಕನು ಅವಳ ಕೌದಿಯಿಂದ ಎಳೆಗಳನ್ನು ಹಿರಿದು ಕಡ್ಡಿ ಗೀರಿದನು. ಮೊದಲನೆಯದು ಬೂದಿ. ಎರಡನೆಯದು ಬೂದಿ. ಮೂರನೆಯದು ಮಣಿ. ನಾಲ್ಕನೆಯದು, ಐದನೆಯದು, ಆರನೆಯದು ಮಣಿ, ಮಣಿ, ಮಣಿ. ಏಳನೆಯ ಎಳೆ ಇನ್ನೂ ಕೌದಿಗೇ ಅಂಟಿಕೊಂಡಿತ್ತೆಂಬುದು ವಾಸನೆ ಬಂದ ಮೇಲೆ ತಿಳಿಯಿತು.

ದೊಡ್ಡವ್ವ ಅಡಿಗೀಮನಿಯಿಂದ ಬರುವಷ್ಟರಲ್ಲಿ ಕೌದಿಗೆ ಬೆಳ್ಳಿ ರೂಪಾಯಿಯಗಲದ ತೂತು ಬಿದ್ದಿತ್ತು.

"ಏನ್ ಮಾಡಾಕತ್ತೀಯೋ ತಮ್ಮಾ?"

"ಸಾವಯವ ಹೌದೋ ಅಲ್ಲೋ ನೋಡಾಕತ್ತಿದ್ದೆ, ದೊಡ್ಡವ್ವಾ. ಇದರಾಗ ಅರ್ಧಕ್ಕರ್ಧ ನೈಲಾನ್ ಐತಿ."

"ಐತಿ. ಅದು ನಿಮ್ಮವ್ವನ ನೈಲೆಕ್ಸ್ ಸೀರಿ. ಉಟ್ಟು ಉಟ್ಟು ಆಕೀಗೇ ಬ್ಯಾಸರಾತು, ಅದು ಹರೀಲಿಲ್ಲ. ತಿಪ್ಪಿಗಿ ಒಗದ್ರ ಕೊಳಿಯಂಗಿಲ್ಲ, ಒಲಿಗಿ ಹಾಕಿದ್ರ ನಾತ. ಎಲ್ಲಿ ಇಡೂದು? ಅದಕ್ಕ ಒಳಗ ಹಾಕೀನಿ."

ಮಾನದಂಡದ ಶೇ. 95ಕ್ಕೂ ಶೇ. 70ಕ್ಕೂ ಈ ಕೌದಿ ನಿಲುಕದು. ಆದರೆ ಸಂಶೋಧಕನು ಓದಿದ ಎಲ್ಲ ಪ್ರಮಾಣಪತ್ರಗಳೂ ಒಳಗೆ ಏನು ಬರಬಾರದೆಂದು ಹೇಳಿದ್ದವು. ಬಂದುಬಿಟ್ಟದ್ದನ್ನು ಎಲ್ಲಿ ಇಡಬೇಕೆಂದು ಹೇಳಿದವಳು ಇವಳೊಬ್ಬಳೇ. ಮಣ್ಣಿಗೆ ಬೇಡವಾದ ಸೀರೆಯೊಂದು ಮೂವತ್ತು ವರ್ಷದಿಂದ ಹಳ್ಳಕ್ಕೂ ಹೋಗದೆ, ಹೊಲಕ್ಕೂ ಹೋಗದೆ, ಎರಡು ದೋತರಗಳ ನಡುವೆ ಕುಳಿತು ಮನೆಮಂದಿಯನ್ನು ಬೆಚ್ಚಗಿಟ್ಟಿತ್ತು.

8. ಫಲಶ್ರುತಿ

ತೂತಿಗೆ ತ್ಯಾಪಿ ಬೇಕಾಯಿತು. ದೊಡ್ಡವ್ವ ಗಂಟು ಬಿಚ್ಚಿ ಚಿಂದಿ ಹುಡುಕಿದಳು. ಒಂದೂ ಮನಸ್ಸಿಗೆ ಬರಲಿಲ್ಲ. ಆಮೇಲೆ ಟ್ರಂಕಿನ ಮೇಲೆ ಚೀಲದಲ್ಲೇ ಕುಳಿತಿದ್ದ ಬೆಂಗಳೂರಿನ ಕಂಫರ್ಟರನ್ನು ಎಳೆದು, ಅದರ ಅಂಚಿಗೆ ಹಚ್ಚಿದ್ದ ಅಂಗೈಯಗಲದ ಮೆತ್ತನೆಯ ಚೀಟಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. '100% ಸಾವಯವ ಹತ್ತಿ' ಎಂದು ಅದರ ಮೇಲೆ ಮುದ್ರೆಯಿತ್ತು. ಸೂಜಿಗೆ ದಾರ ಪೋಣಿಸಲು ಸಂಶೋಧಕನಿಗೆ ಕೊಟ್ಟಳು; ಅವನ ಕ್ಷೇತ್ರಕಾರ್ಯದಲ್ಲಿ ಉಪಯೋಗಕ್ಕೆ ಬಂದ ಭಾಗ ಅದೊಂದೇ. ನಾಲ್ಕು ಬದಿಗೂ ಎಳೆಹೊಲಿಗೆ ಹಾಕಿ ತೂತು ಮುಚ್ಚಿದಳು. ಹೀಗೆ ಮುಂಡರಗಿಯ ಈ ಕೌದಿ ವಿಧ್ಯುಕ್ತವಾಗಿ ಪ್ರಮಾಣೀಕೃತವಾಯಿತು.

ಮರುದಿನ ಮಾಳಿಗಿಯ ಮೇಲೆ ಒಣಹಾಕಿದ್ದ ಕೌದಿಯನ್ನು ನೋಡಿ ಪಕ್ಕದ ಮನೆಯಾಕೆ, "ಇದೇನ್ರೀ ಯಕ್ಕಾ, ಅಕ್ಷರದ ತ್ಯಾಪಿ? ಯಾರದು?" ಎಂದಳು.

"ಅದಾ?" ಎಂದಳು ದೊಡ್ಡವ್ವ. "ಅದು ನಮ್ಮ ತಮ್ಮಂದು."