ಡಿಶ್ಶಿಗೂ ಬೇಕು ನೆಲದ ನಂಟು

ಬಿಡದಿ ಕೈಗಾರಿಕಾ ಪ್ರದೇಶದ ಸುತ್ತಲಿನ ಬಾಡಿಗೆ ಮನೆಗಳ ತಾರಸಿ ನೋಡಬೇಕು: ಒಗೆದು ಹಾಕಿದ ಯೂನಿಫಾರಂ, ಕರಿ ಟ್ಯಾಂಕು, ಆಕಾಶಕ್ಕೆ ಬಾಯಿ ಬಿಟ್ಟ ಡಿಶ್ಶುಗಳು. ಕಾರ್ಖಾನೆಯಲ್ಲಿ ಅರ್ತಿಂಗ್ ಇಲ್ಲದ ಯಂತ್ರ ಮುಟ್ಟಲೊಲ್ಲದ ಹುಡುಗರೇ ಮನೆಗೆ ಬಂದು ಅರ್ತಿಂಗೇ ಇಲ್ಲದ ಡಿಶ್ ಕಂಬಕ್ಕೆ ಬಟ್ಟೆ ತಂತಿ ಬಿಗಿದು ನಿಶ್ಚಿಂತರಾಗುತ್ತಾರೆ. ಕೇಳಿದರೆ, "ಅದಕ್ಕೆ ಕರೆಂಟೇ ಇಲ್ವಲ್ಲಣ್ಣ!"

ಕರೆಂಟು ಮೇಲಿಂದ ಬರುತ್ತೆ ಕಣಪ್ಪ. ಏಪ್ರಿಲ್-ಮೇ ತಿಂಗಳ ಸಿಡಿಲು ಬೆಸ್ಕಾಂ ಮೀಟರು ನೋಡಿ ಹೊಡೆಯುವುದಿಲ್ಲ.

ಇನ್ನು ಕೆಲವರು ಅತಿ ಜಾಣರು. ಡಿಶ್ಶಿಗೆಂದೇ ಬೇರೆ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು, ಕೊಳವೆ ನೆಟ್ಟು, ಮನೆಯ ಅರ್ತಿಗೆ ಮಾತ್ರ ಜೋಡಿಸುವುದಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ವಾರಗಿತ್ತಿಯರ ಹಾಗೆ ಇವೆರಡು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಎರಡರ ವೋಲ್ಟೇಜು ಬೇರೆಬೇರೆ ಏರಿ, ವ್ಯತ್ಯಾಸವೆಲ್ಲ ನಡುವಿನ ಟಿವಿಯ ಮೂಲಕವೇ ಹರಿಯುತ್ತದೆ. ದಪ್ಪ ತಾಮ್ರದ ತಂತಿಯಿಂದ ಎರಡನ್ನೂ ಬೆಸೆಯಬೇಕು; ಕೇಬಲ್ಲಿನ ಹೊರಕವಚವನ್ನೂ ಮನೆ ಹೊಗುವ ಮುನ್ನ ಅದಕ್ಕೇ ಸೇರಿಸಬೇಕು. ಅರ್ತಿಂಗಿಗೆಂದೇ ಐಎಸ್ 3043 ಎಂಬ ಭಾರತೀಯ ಮಾನಕವಿದೆ. ಅದನ್ನು ಓದಿದ ಮನೆ ಮಾಲೀಕರು ಮಾತ್ರ ನನಗಿನ್ನೂ ಸಿಕ್ಕಿಲ್ಲ.

ಇಷ್ಟು ಮಾಡಿದರೂ ನೇರ ಸಿಡಿಲಿಗೆ ಟಿವಿ ಉಳಿದೀತೆಂಬ ಭರವಸೆಯಿಲ್ಲ, ಗುಡುಗು ಶುರುವಾಗುವ ಮುನ್ನವೇ ಕೇಬಲ್ ಕಿತ್ತಿಡುವುದು ಲೇಸು. ಎಲೆಕ್ಟ್ರಿಷಿಯನ್ನರನ್ನು ಬಿಸಿಲಿರುವಾಗಲೇ ತಾರಸಿ ಹತ್ತಿಸಿ, ಸ್ವಾಮಿ. ಮೋಡ ಕಟ್ಟಿದ ಮೇಲೆ ಅವರು ಫೋನೂ ಎತ್ತುವುದಿಲ್ಲ.