ಗೋಡೆಯ ಮೇಲೆ ಎಲ್ಲವೂ ಹಸಿರು

ಮೇ ತಿಂಗಳ ಬಿಸಿಲಿಗೆ ಮಂಗಳೂರಿನ ಕದ್ರಿ ಪಾರ್ಕಿನ ಹುಲ್ಲು ಒಣಗಿದರೂ ಒಣಗೀತು, ಅದೇ ಆಸುಪಾಸಿನ ಸಾಫ್ಟ್‌ವೇರ್ ಕಚೇರಿಯ ಗೋಡೆ ಮಾತ್ರ ಹನ್ನೆರಡು ತಿಂಗಳೂ ಹಸಿರು. ಗೋಡೆಗೆ ದೊಡ್ಡದೊಂದು ಟಿವಿ. ಟಿವಿಯಲ್ಲಿ ಡ್ಯಾಶ್‌ಬೋರ್ಡು. ಡ್ಯಾಶ್‌ಬೋರ್ಡಿನಲ್ಲಿ ಆರೆಂಟು ವಿಜೆಟ್: ಒಂದರಲ್ಲಿ ಪೈ ಚಾರ್ಟು, ಇನ್ನೊಂದರಲ್ಲಿ ಬರ್ನ್‌ಡೌನ್ ಗೆರೆ, ಮತ್ತೊಂದರಲ್ಲಿ ಡೆಡ್‌ಲೈನಿಗೆ ಉಳಿದ ದಿನಗಳ ಲೆಕ್ಕ. ಇದೇ ಚಿತ್ರ ಇದೇ ಹೊತ್ತಿಗೆ ಬೆಂಗಳೂರಿನ ಮ್ಯಾನೇಜರರ ಲ್ಯಾಪ್‌ಟಾಪಿನಲ್ಲೂ ಅಮೆರಿಕದ ಗಿರಾಕಿಯ ಫೋನಿನಲ್ಲೂ ಕಾಣಬೇಕು. ಅದಕ್ಕೆ ಸಿಂಕ್ ಎನ್ನುತ್ತಾರೆ. ಪ್ರಾಜೆಕ್ಟ್ ಎಲ್ಲಿಗೆ ಮುಟ್ಟಿತು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ಈ ಏರ್ಪಾಡಿನ ಹೆಗ್ಗಳಿಕೆ. ಕೇಳುವುದು ನಿಂತಿದೆ, ಸುಳ್ಳಲ್ಲ. ಪ್ರಾಜೆಕ್ಟೂ ನಿಂತಿದೆ.

ಇದನ್ನು ಕಟ್ಟಿ ನಿಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ. ಜಿರಾದಂಥ ತಂತ್ರಾಂಶದಲ್ಲಿ ಬಹುಪಾಲು ವಿಜೆಟ್ಟುಗಳ ಹಿಂದೆ ಒಂದು ಫಿಲ್ಟರ್ ಕುಳಿತಿರುತ್ತದೆ. ಯಾವ ಟಿಕೆಟ್, ಅಂದರೆ ಯಾವ ಕೆಲಸದ ಚೀಟಿ, ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಅದೇ. ಜಾಣತನವೆಲ್ಲ ಇರುವುದೂ ಅಲ್ಲೇ. ತಡವಾದ ಟಿಕೆಟ್ಟುಗಳನ್ನು ಮುಗಿಸಲು ವಾರಗಟ್ಟಲೆ ಬೇಕು, ಫಿಲ್ಟರಿನಿಂದ ಹೊರಗಿಡಲು ಒಂದು ಸಾಲು ಸಾಕು. ಫಿಲ್ಟರನ್ನು ಉಳಿದವರ ಜೊತೆ ಹಂಚಿಕೊಳ್ಳಲು ಮರೆತರೆ, ಮಾಡಿದವರಿಗೆ ಮಾತ್ರ ಚಾರ್ಟು ಕಾಣುತ್ತದೆ, ಮಿಕ್ಕವರ ಪಾಲಿಗೆ ಖಾಲಿ ಚೌಕ. ‘ಈಗ ನೋಡುತ್ತಿರುವವರ ಕೆಲಸ’ ಎಂಬ ಷರತ್ತು ಹಾಕಿದರಂತೂ ಒಂದೇ ಡ್ಯಾಶ್‌ಬೋರ್ಡು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಕೊಡುತ್ತದೆ. ಮ್ಯಾನೇಜರರ ಹೆಸರಿನಲ್ಲಿ ಟಿಕೆಟ್ಟೇ ಇರುವುದಿಲ್ಲವಾದ್ದರಿಂದ ಅವರಿಗೆ ಬಾಕಿ ಸೊನ್ನೆ. ಮೀಟಿಂಗಿನಲ್ಲಿ ಅವರು ತಂಡವನ್ನು ಮನಸಾರೆ ಅಭಿನಂದಿಸುತ್ತಾರೆ.

ಇನ್ನು ರಿಫ್ರೆಶ್. 15 ನಿಮಿಷಕ್ಕೊಮ್ಮೆ ತಾನಾಗಿಯೇ ಹೊಸ ಲೆಕ್ಕ ಬರುವಂತೆ ಇಡಬಹುದು. ಹತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗ್ ಎಂದರೆ ಒಂಬತ್ತೂವರೆಗೇ ಎಲ್ಲರ ಮೌಸು ಚುರುಕಾಗುತ್ತದೆ. ಆಗಬೇಕಾದ ಟಿಕೆಟ್ಟುಗಳು ಆಗುತ್ತಿರುವ ಸಾಲಿಗೆ, ಆಗುತ್ತಿರುವವು ಆದ ಸಾಲಿಗೆ ಸರಸರನೆ ಜಾರುತ್ತವೆ. ಆಮೇಲೆ ವಿಚಾರಣೆ.

“ಲಾಗಿನ್ ಪೇಜಿನದ್ದು ಆಯ್ತಾ?”

“ಆಯ್ತು ಸರ್.”

“ಮತ್ತೆ ಓಪನ್ನೇ ಆಗ್ತಾ ಇಲ್ವಲ್ಲ?”

“ಓಪನ್ ಆಗುವುದಕ್ಕೆ ಬೇರೆ ಟಿಕೆಟ್ ಉಂಟು ಸರ್. ಅದು ಮುಂದಿನ ಸ್ಪ್ರಿಂಟಿಗೆ.”

“ಓ, ಹಾಗಾ? ಸರಿ ಹಾಗಾದರೆ.”

ಬರ್ನ್‌ಡೌನ್ ಚಾರ್ಟಿನದು ಇನ್ನೂ ಚಂದ. ಸ್ಪ್ರಿಂಟ್ ಎಂಬ ಎರಡು ವಾರದಲ್ಲಿ ಕೆಲಸ ದಿನಕ್ಕಿಷ್ಟಿಷ್ಟು ಇಳಿಯಬೇಕೆಂದು ಬೂದು ಗೆರೆಯೊಂದು ಓರೆಯಾಗಿ ದಾರಿ ತೋರಿಸುತ್ತದೆ. ನಿಜಕ್ಕೂ ಉಳಿದ ಕೆಲಸ ತೋರಿಸುವ ಕೆಂಪು ಗೆರೆ ಕೊನೆಯ ದಿನದವರೆಗೆ ಮೇಲೆಯೇ ಅಡ್ಡಾಡಿಕೊಂಡಿದ್ದು, ಆ ಸಂಜೆ ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹೋದ ಲಾರಿಯ ಹಾಗೆ ಕೆಳಗೆ ಬೀಳುತ್ತದೆ. ಚಾರ್ಟು ಪಾಪ ಸುಳ್ಳು ಹೇಳಿಲ್ಲ. ನೋಡುವವರಿಗೆ ಬೇಕಾದದ್ದು ಕೊನೆಯ ಚುಕ್ಕಿ ಮಾತ್ರ.

ಜೂನಿನ ಒಂದು ಮಧ್ಯಾಹ್ನ ಗುಡುಗು ಸಿಡಿಲಿಗೆ ಕರೆಂಟು ಹೋಯಿತು, ಹಿಂದೆಯೇ ಇಂಟರ್ನೆಟ್ಟು. ಕಂಪ್ಯೂಟರುಗಳೆಲ್ಲ ಕಣ್ಣುಮುಚ್ಚಿದವು. ಗೋಡೆಯ ಟಿವಿಗೆ ಮಾತ್ರ ಇನ್ವರ್ಟರಿನಿಂದ ಬೇರೆಯೇ ಲೈನು, ಗಿರಾಕಿ ಯಾವ ಗಳಿಗೆಯಲ್ಲಿ ಬಂದು ನಿಲ್ಲುತ್ತಾನೋ ಎಂದು. ಹುಡುಗರು ಗೋಳಿಬಜೆ ತಿನ್ನಲು ಮಲ್ಲಿಕಟ್ಟೆ ಕಡೆ ಹೋದರು. ಕತ್ತಲೆ ಕೋಣೆಯಲ್ಲಿ ಬೆಳಗಿನ ಲೆಕ್ಕ ಒಂದೇ ನಗುತ್ತಾ ಕುಳಿತಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ಫೋನು: “ಎರಡು ಗಂಟೆಯಿಂದ ಒಂದೇ ಒಂದು ಹೊಸ ಬಗ್ ಇಲ್ಲ. ವೆರಿ ಗುಡ್, ಹೀಗೇ ಮುಂದುವರಿಸಿ.”

ಸಿಂಕ್ ಎಂದರೆ ಪರದೆ ಪರದೆಗಳು ತಮ್ಮತಮ್ಮೊಳಗೆ ಮಾಡಿಕೊಂಡ ರಾಜಿ, ಅಷ್ಟೆ. ಪರದೆಗೂ ನೆಲಕ್ಕೂ ರಾಜಿ ಮಾಡಿಸುವ ಬಟನ್ ಯಾವ ಮೆನುವಿನಲ್ಲೂ ಸಿಗದು.

ಐಟಿಯವರನ್ನೇ ಬೈದು ಪ್ರಯೋಜನವಿಲ್ಲ ಮಾರಾಯ್ರೆ, ಊರಿಗೆ ಊರೇ ಹೀಗೆ. ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಯೋಜನೆ 2015ರಲ್ಲಿ ಶುರುವಾಗಿ, ಗಡುವಿನ ಮೇಲೆ ಗಡುವು ಪಡೆದು, 2025ರ ಮಾರ್ಚ್ 31ಕ್ಕೆ ಮುಗಿಯಿತು. ಆಯ್ಕೆಯಾದ ನೂರು ನಗರಗಳಿಗೂ ಒಂದೊಂದು ಕಮಾಂಡ್ ಕಂಟ್ರೋಲ್ ಸೆಂಟರ್ ಬಂತು. ಸಾಲು ಪರದೆಗಳ ಮುಂದೆ ಕುಳಿತವರಿಗೆ ಇಡೀ ಊರು ಅಂಗೈಯಲ್ಲಿದೆ ಅನ್ನಿಸುತ್ತದೆ. ಮಳೆಯಲ್ಲಿ ನೆನೆಯುತ್ತಾ ನಂತೂರು ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡವನಿಗೆ ಹಾಗೆ ಅನ್ನಿಸುವುದಿಲ್ಲ.

ಅದೇ ನಂತೂರಿನಿಂದ ಸ್ವಲ್ಪ ಮುಂದೆ ಪಂಪ್‌ವೆಲ್. ಅಲ್ಲಿನ ಫ್ಲೈಓವರ್ ಕೆಲಸ ಸುಮಾರು ಹತ್ತು ವರ್ಷ ಎಳೆಯಿತು. 2020ರ ಜನವರಿ 1ರ ಗಡುವೂ ತಪ್ಪಿ, ಅದೇ ತಿಂಗಳ 31ಕ್ಕೆ ಉದ್ಘಾಟನೆ ಕಂಡಿತು. ಅಷ್ಟು ವರ್ಷ ಅದರ ಪ್ರಗತಿಯ ವರದಿಯನ್ನು ಬಿಡದೆ ಕೊಟ್ಟವರು ಮಂಗಳೂರಿನ ಟ್ರೋಲ್ ಹುಡುಗರು. ಅವರ ಬಳಿ ಪೈ ಚಾರ್ಟು ಇರಲಿಲ್ಲ, ಫಿಲ್ಟರಂತೂ ಇರಲೇ ಇಲ್ಲ. ಬಸ್ಸಿನ ಕಿಟಕಿಯಿಂದ ಕಂಬ ಕಂಡಿತು, ಕಂಬದ ಮೇಲೆ ರಸ್ತೆ ಕಾಣಲಿಲ್ಲ. ಕಂಡದ್ದನ್ನು ಕಂಡ ಹಾಗೆ ವಾಟ್ಸಾಪಿಗೆ ಹಾಕಿದರು. ಜಿಲ್ಲೆಯ ಇತಿಹಾಸದಲ್ಲಿ ಅಷ್ಟು ಕರಾರುವಾಕ್ಕಾದ ಡ್ಯಾಶ್‌ಬೋರ್ಡು ಇನ್ನೊಂದು ಬಂದಿಲ್ಲ.

ಅದಕ್ಕಿಂತ ಹಳೆಯ ಕಡತ ಬೇಕೆಂದರೆ ಕದ್ರಿ ಮಂಜುನಾಥ ದೇವಸ್ಥಾನಕ್ಕೇ ಹೋಗಬಹುದು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಸಂಸ್ಕೃತ ಶಾಸನವಿದೆ. ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಈ ಮೂರ್ತಿಯನ್ನು ಸ್ಥಾಪಿಸಿದನೆಂದು ಅದು ಹೇಳುತ್ತದೆ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲವೂ ಇದೆ. ಶೇಕಡಾ ಎಂಬತ್ತು ಮುಗಿದಿದೆ ಎಂಬ ಮಾತಿಲ್ಲ. ಅನುಮಾನವಿದ್ದವರು ತುಸು ತಲೆಯೆತ್ತಿದರೆ ಸಾಕು, ಬರಹದ ಮೇಲೆಯೇ ಕೆಲಸ ಕುಳಿತಿದೆ. ಇಂದಿನ ಮ್ಯಾನೇಜರ್ ಆಗಿದ್ದರೆ ಪೀಠ ಮೊದಲು ಸಿದ್ಧವಾಗುತ್ತಿತ್ತು. ಅದರ ಮೇಲೆ ‘ಮೂರ್ತಿ ಪ್ರಗತಿಯಲ್ಲಿದೆ’ ಎಂದು ಕೊರೆಸಿ, ಅದರ ನಕಲನ್ನು ಉಡುಪಿಯಲ್ಲೊಂದು, ಬಾರಕೂರಿನಲ್ಲೊಂದು ನಿಲ್ಲಿಸಿ, ಮೂರರಲ್ಲೂ ಅಕ್ಷರ ಒಂದೇ ಇದೆಯೇ ಎಂದು ನೋಡಲು ನಾಲ್ವರನ್ನು ನೇಮಿಸುತ್ತಿದ್ದರು.

ಹಾಗೆಂದು ವಿಜೆಟ್ ಬೇಡವೆನ್ನುವಷ್ಟು ಹಳಬ ನಾನಲ್ಲ. ಇನ್ನೊಂದನ್ನು ಸೇರಿಸಿ ಎನ್ನುತ್ತೇನೆ. ಪರದೆ ನೋಡಿ ತೀರ್ಮಾನ ಮಾಡುವ ಸಾಹೇಬರು ಕುರ್ಚಿಯಿಂದೆದ್ದು ಕೆಲಸ ನಡೆಯುವ ಜಾಗಕ್ಕೆ ಕೊನೆಗೆ ಕಾಲಿಟ್ಟದ್ದು ಎಂದು, ಅದನ್ನು ದಪ್ಪ ಅಕ್ಷರದಲ್ಲಿ ತೋರಿಸಲಿ. ಕದ್ರಿ, ಬೆಂಗಳೂರು, ಅಮೆರಿಕ ಮೂರೂ ಕಡೆ ಧಾರಾಳವಾಗಿ ಸಿಂಕ್ ಮಾಡಲಿ. ರಿಫ್ರೆಶ್ ತಾಪತ್ರಯ ಇರುವುದಿಲ್ಲ. ಆ ತಾರೀಕು ಪದೇ ಪದೇ ಬದಲಾಗುವಂಥದ್ದಲ್ಲ.