ಖಳನಾಯಕರ ಪರ ವಕಾಲತ್ತು

ಕಾದಂಬರಿ ಬರೆಯಲು ಕೂತವರಿಗೆ ನಾಯಕ ಬೇಗ ಸಿಕ್ಕಿಬಿಡುತ್ತಾನೆ. ಕನ್ನಡಿ ಮುಂದೆ ನಿಂತರೆ ಸಾಕು. ಪೇಚಾಟವೆಲ್ಲ ಖಳನದು. ಅವನನ್ನು ಹುಡುಕಲು ಸೋಮಾರಿತನ, ಹಾಗಾಗಿ ಸಿನಿಮಾದಿಂದ ಕಡ ತರುತ್ತಾರೆ. ತೆರೆಯ ಮೇಲೆ ವಜ್ರಮುನಿ ಕಣ್ಣರಳಿಸಿ ಒಮ್ಮೆ ಗುಡುಗಿದರೆ, ಈತ ಯಾಕೆ ಕೆಟ್ಟವನು ಎಂದು ಕೇಳುವ ಧೈರ್ಯ ಯಾರಿಗಿತ್ತು? ಪುಟದ ಮೇಲೆ ವಜ್ರಮುನಿ ಇರುವುದಿಲ್ಲ ಸ್ವಾಮಿ. ಓದುಗ ಕಾಫಿ ಹೀರುತ್ತ ಕೇಳಿಯೇ ಕೇಳುತ್ತಾನೆ: ಇವನಿಗೇನು ಬಂದಿತ್ತು ರೋಗ?

ಸಾಹಿತಿಗಳ ಬಳಿ ಉತ್ತರ ಸಿದ್ಧ. "ಚಿಕ್ಕಂದಿನಲ್ಲಿ ಅಪ್ಪ ಬೆಲ್ಟಿನಲ್ಲಿ ಬಾರಿಸುತ್ತಿದ್ದರು." ನಮ್ಮ ತಲೆಮಾರಿನಲ್ಲಿ ಅಪ್ಪನ ಕೈಲೋ ಮೇಷ್ಟ್ರ ಕೈಲೋ ಬಾರಿಸಿಕೊಳ್ಳದೆ ಬೆಳೆದವರು ಯಾರಪ್ಪ? ಆ ಲೆಕ್ಕದಲ್ಲಿ ಇಡೀ ತರಗತಿಯೇ ಖಳರಾಗಬೇಕಿತ್ತು. ಎಷ್ಟೋ ಜನ ಗುಮಾಸ್ತರಾಗಿ ನಿವೃತ್ತಿ ಹೊಂದಿ ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದಾರೆ. ಇನ್ನೊಂದು ಉತ್ತರ, ಜಗತ್ತನ್ನೇ ಗೆಲ್ಲುವ ಆಸೆ. ಥರ್ಟಿ-ಫಾರ್ಟಿ ಸೈಟಿನ ಖಾತೆ ಮಾಡಿಸುವಷ್ಟರಲ್ಲಿ ನಮ್ಮ ಚಪ್ಪಲಿ ಸವೆಯುತ್ತದೆ. ಜಗತ್ತಿನ ಖಾತೆಗೆ ಯಾವ ಕಚೇರಿ ಸುತ್ತುತ್ತಾನೋ ಪುಣ್ಯಾತ್ಮ!

ಖಳನ ಆಸೆ ಸಣ್ಣದಿರಲಿ. ಹೊಲದ ಬದುವನ್ನೇ ನೋಡಿ. ಅಣ್ಣ ಪ್ರತಿ ವರ್ಷ ಉಳುವಾಗ ತಮ್ಮನ ಕಡೆಗೆ ಬದುವನ್ನು ಗೇಣಷ್ಟು ಕೆತ್ತುತ್ತಾನೆ. ಸರ್ವೆಯವರು ಬರುವ ಹೊತ್ತಿಗೆ ಗಡಿಕಲ್ಲಿಗೂ ಕಾಲು ಬಂದಿರುತ್ತದೆ. ಕಳ್ಳ, ಎನ್ನುತ್ತೀರಿ. ತಡೆಯಿರಿ. ತಮ್ಮ ಬೆಂಗಳೂರಿಗೆ ಓದಲು ಹೋದಾಗ ಶಾಲೆ ಬಿಟ್ಟು ನೇಗಿಲು ಹಿಡಿದವನು ಈ ಅಣ್ಣ. ಹಾಸಿಗೆ ಹಿಡಿದ ಅವ್ವನ ಹೇಲು ಉಚ್ಚೆ ಬಳಿದವಳು ಇವನ ಹೆಂಡತಿ. ಪಾಲಿನ ದಿನ ಪಂಚರು ಬಾವಿಯಿದ್ದ ತುಂಡನ್ನು ತಮ್ಮನಿಗೆ ಬರೆದರು. "ಅವನೆಲ್ಲಿ ಬಂದು ಉಳ್ತಾನೆ, ನೀರು ನೀನೇ ಹಾಯಿಸ್ಕೊ" ಎಂದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ತಮ್ಮ ತುಂಡನ್ನು ಗುತ್ತಿಗೆಗೆ ಕೊಟ್ಟ, ಪಂಪ್‌ಸೆಟ್ಟಿನ ಮನೆಗೆ ಬೀಗ ಬಿತ್ತು. ಈಗ ಅಣ್ಣ ಕೆತ್ತುವ ಒಂದೊಂದು ಗೇಣೂ ಅವನ ಮಟ್ಟಿಗೆ ಹಳೇ ಬಾಕಿಯ ವಸೂಲಿ. ತಮ್ಮನನ್ನು ಕೇಳಿ, ಅವನ ಹತ್ತಿರ ಪಾಲುಪತ್ರವಿದೆ. ಇಬ್ಬರದೂ ಸರಿ ಅನ್ನಿಸಿ ನಿಮಗೆ ನಿದ್ದೆಗೆಟ್ಟರೆ ಕಾದಂಬರಿ ಶುರುವಾಯಿತು ಎಂದರ್ಥ.

ಈ ವಿದ್ಯೆ ನಮಗೇನು ಹೊಸದಲ್ಲ. ಹತ್ತನೆಯ ಶತಮಾನದಲ್ಲೇ ಮುಧೋಳದ ರನ್ನ 'ಗದಾಯುದ್ಧ'ದಲ್ಲಿ ಮಾಡಿ ತೋರಿಸಿದ್ದಾನೆ. ಹೊಗಳಬೇಕಾಗಿದ್ದದ್ದು ಭೀಮನನ್ನು, ಭೀಮನ ನೆಪದಲ್ಲಿ ದೊರೆ ಸತ್ಯಾಶ್ರಯನನ್ನು. ಆದರೆ ದುರ್ಯೋಧನ ಹೆಣಗಳ ನಡುವೆ ನಡೆದು ಬರುವಾಗ ಕವಿಯ ಮನಸ್ಸು ಆ ಕಡೆಗೇ ಜಾರುತ್ತದೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಮರುಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶವ ಕಂಡು, ಇಂಥ ಸಾವು ತನಗೂ ಬರಲಿ ಎನ್ನುತ್ತಾನೆ. ರಾಜ್ಯದಾಸೆ ಸತ್ತಿದೆ, ಛಲ ಸತ್ತಿಲ್ಲ. ಇದನ್ನು ಕೇಳಿದ ದೊರೆ ಏನೆಂದುಕೊಂಡನೋ! ಕುವೆಂಪು ಕೂಡ ಮಂಥರೆಗೆ ಹೊಟ್ಟೆಕಿಚ್ಚಿನ ಬದಲು ಮಮತೆ ಕೊಟ್ಟರು. ಅಯೋಧ್ಯೆ ಹೊತ್ತಿ ಉರಿಯಲು ಅಷ್ಟೇ ಸಾಕಾಯಿತು.

ಹಾಗಂತ ಕನಿಕರ ಉಕ್ಕಿ, ಕೊನೆಯ ಅಧ್ಯಾಯದಲ್ಲಿ ಖಳನನ್ನು ನಾಯಕನ ಕಾಲಿಗೆ ಬೀಳಿಸುವುದೂ ಬೇಡ. ಅದು ಟಿವಿ ಧಾರಾವಾಹಿಯ ಅತ್ತೆಯರಿಗೆ ಮೀಸಲು. ರನ್ನ ಅಷ್ಟು ಮರುಗಿದ, ತೊಡೆ ಮುರಿಸದೆ ಬಿಟ್ಟನೆ? ಅಣ್ಣನ ಕಥೆ ಗೊತ್ತಾಯಿತೆಂದು ಕದ್ದ ಮಣ್ಣು ವಾಪಸು ಬರುವುದಿಲ್ಲ.

ಕರಾವಳಿಯ ತಾಳಮದ್ದಳೆಯಲ್ಲಿ ಈ ಹದ ಕೂತಲ್ಲೇ ಸಿಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೋರೆಹಲ್ಲಿಲ್ಲ. ಭಾಗವತರ ಪದ್ಯ, ಅರ್ಥಧಾರಿಯ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರಾದದ್ದು ವಾಲಿ, ರಾವಣ, ಮಾಗಧರಂಥವರ ಪರ ಮಾತಾಡಿಯೇ. ಪ್ರಸಂಗದಲ್ಲಿ ವಾಲಿ ಸಾಯುವುದು ಖಂಡಿತ, ವಾದದಲ್ಲಿ ಸಾಯಬೇಕೆಂದೇನೂ ಇಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ಅವನು ಕೇಳತೊಡಗಿದರೆ ಎದುರು ಕೂತ ರಾಮ ಶಲ್ಯ ಸರಿಪಡಿಸಿಕೊಳ್ಳಬೇಕಾಗುತ್ತದೆ. ಬರೆಯುವವರೇ, ಎಲ್ಲಾದರೂ 'ವಾಲಿವಧೆ' ಇದ್ದರೆ ಹೋಗಿ ಮುಂದಿನ ಸಾಲಿನಲ್ಲಿ ಕೂರಿ. ರಾಮನ ಪರವಾಗಿ ಥಟ್ಟನೆ ಉತ್ತರ ಹೊಳೆಯದಿದ್ದರೆ ಮನೆಗೆ ಬಂದು ಬರೆಯಲು ಶುರುಮಾಡಿ. ಹೊಳೆದರೆ, ಇನ್ನೊಂದು ತಾಳಮದ್ದಳೆ ಎಲ್ಲಿದೆ ಎಂದು ವಿಚಾರಿಸಿ.